ಎದುರು ಬಾಗಿಲು

ಕಳೆದ ವಾರ ದಾವಣಗೆರೆಯಿಂದ ಹರಿಹರಕ್ಕೆ ಹೊರಟಿದ್ದ ಬಸ್ಸಿನಲ್ಲಿ ಹೆಂಗಸೊಬ್ಬಳು ಚೀಲ ತಬ್ಬಿಕೊಂಡು ನನ್ನ ಪಕ್ಕ ಬಂದು ಕುಳಿತಳು. ಹೊರಗೆ ಜೋರು ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಬಾತಿ ಬರುವಷ್ಟರಲ್ಲಿ ಆ ಚೀಲದ ವಾಸನೆ ಬಸ್ಸಿನ ಮುಂಭಾಗವನ್ನೆಲ್ಲ ತುಂಬಿಕೊಂಡಿತು. ಹತ್ತಾರು ಮನೆಗಳ ಹೆಂಗಸರ ಉದುರು ಕೂದಲು, ಕೊಬ್ಬರಿ ಎಣ್ಣೆ, ಸೀಗೆಪುಡಿ, ಶಾಂಪೂ, ಎಲ್ಲ ಸೇರಿ ಒದ್ದೆಯಾದಾಗ ಬರುವ ವಾಸನೆ ಅದು. ಮುಂದಿನ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಂಡಕ್ಟರನ ಕಡೆ ನೋಡಿದರು. "ಅದನ್ನ ಹಿಂದಕ್ಕಿಡವ್ವ" ಎಂದ ಆತ. ಅವಳು ಎದ್ದು ಹಿಂದೆ ಹೋಗಿ ನಿಂತಳು. ವಾಸನೆ ಮಾತ್ರ ನನ್ನ ಪಕ್ಕದಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾನು ಚಹಾ ಕುಡಿದದ್ದು, ಮಂಡಕ್ಕಿ ತಿಂದದ್ದು ಇದೇ ವಾಸನೆಯ ನಡುವೆ. ಆಗ ಮೂಗು ಮುಚ್ಚಿಕೊಳ್ಳದಿದ್ದುದಕ್ಕೆ ನನ್ನ ಬಗ್ಗೆ ನನಗೆ ತುಂಬಾ ಹೆಮ್ಮೆಯಿತ್ತು.

ನಾನು ಶಾಮನೂರಿನ ಒಕ್ಕಲು ಮನೆಯವಳು. ಸಮಾಜಕಾರ್ಯ ಓದಿ, ಮಾನಸಿಕ ಆರೋಗ್ಯದ ಒಂದು ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಆಪ್ತಸಮಾಲೋಚಕಿಯಾಗಿದ್ದೆ. ಈಗಲೂ ಇದ್ದೇನೆ, ಈಗ ಗುತ್ತಿಗೆಯಲ್ಲ. ಆ ವರ್ಷ ಮೇಲಿನಿಂದ ಒಂದು ಆದೇಶ ಬಂದಿತ್ತು. ಮನಸ್ಸಿನ ಆರೋಗ್ಯದ ಸುಧಾರಣೆ ಇನ್ನು ಮುಂದೆ ಆಯಾ ಜನರ ನೇತೃತ್ವದಲ್ಲೇ ನಡೆಯಬೇಕು, ಬುಡಕಟ್ಟಿನವರಲ್ಲಿ, ಅಲೆಮಾರಿಗಳಲ್ಲಿ ನಾಯಕರನ್ನು ಗುರುತಿಸಿ ಸಮಿತಿಯಲ್ಲಿ ಕೂರಿಸಬೇಕು ಎಂದು. ನೇತೃತ್ವ ಎಂಬ ಪದಕ್ಕೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬರನ್ನು ಹುಡುಕು, ಫೋಟೊ ತೆಗೆ, ವರದಿ ಕೊಡು ಎಂದು ನಮ್ಮ ಸಾಹೇಬರು ನನ್ನನ್ನು ಹರಿಹರದ ಹೊಳೆದಂಡೆಗೆ ಅಟ್ಟಿದರು. ಅಲ್ಲಿ ಕೂದಲು ಕೊಳ್ಳುವವರ ಇಪ್ಪತ್ತೆರಡು ಗುಡಾರಗಳಿದ್ದವು. ಊರೂರು ತಿರುಗಿ, ಮನೆಮನೆಯ ಹೆಂಗಸರಿಂದ ಉದುರಿದ ಕೂದಲು ಪಡೆದು, ಬದಲಿಗೆ ಪಿನ್ನು, ರಿಬ್ಬನ್ನು, ಸ್ಟೀಲಿನ ಬಟ್ಟಲು ಕೊಡುವ ಜನ. ಅವರ ಕುಲದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಆ ಹೆಸರನ್ನು ಬೈಯುವುದಕ್ಕೂ ಬಳಸುತ್ತಾರೆ. ನಮ್ಮ ಮನೆಯಲ್ಲೂ ಬಳಸುತ್ತಿದ್ದರು.

ಮಿರಗದ ಮಳೆ ಶುರುವಾಗಿತ್ತು. ಗುಡಾರಗಳಿಗೆಲ್ಲ ಹಳೆಯ ಫ್ಲೆಕ್ಸು ಹೊದಿಸಿದ್ದರು. ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಂಡರ ಮುಖಗಳು ತಲೆಕೆಳಗಾಗಿ ನಗುತ್ತಿದ್ದವು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಜಮಾನಿ ಯಾರು ಎಂದು ಕೇಳಿದಾಗ ಒಂದು ಗುಡಾರದ ಬಾಗಿಲಲ್ಲಿ ಕೂದಲು ಬಿಡಿಸುತ್ತಿದ್ದ ಹೆಂಗಸನ್ನು ತೋರಿಸಿದರು. ಐವತ್ತೈದರ ಆಸುಪಾಸು, ಗಟ್ಟಿ ಆಳು. ಹೆಸರು ಹುಲಿಗೆಮ್ಮ. ನಾನು ಹೋಗಿ ನಿಂತರೂ ಅವರ ಬೆರಳು ನಿಲ್ಲಲಿಲ್ಲ.

"ಏನ್ ಬರ್ಕಳಾಕೆ ಬಂದೀರಿ ಮೇಡಮ್ಮಾರೆ?"

"ನಿಮ್ಮಲ್ಲಿ ಮನಸ್ಸಿಗೆ ಬ್ಯಾಸರ ಆದೋರು, ನಿದ್ದಿ ಬರದೋರು ಯಾರಾದ್ರೂ ಅದಾರೇನ್ರಿ ಅಂತ ಕೇಳಾಕೆ ಬಂದೆ."

"ನಮ್ಮಲ್ಲಿ ಒಬ್ಬಾಕಿ ಅದಾಳೆ. ನಿಮ್ಮೂರಾಗ ಎಷ್ಟ್ ಮಂದಿ ಅದಾರೆ ಹೇಳ್ಲೇನು?"

ನಾನು ನಕ್ಕೆ. ಅವರು ನಗಲಿಲ್ಲ. ಒಂದೊಂದೇ ಬೀದಿ ಹಿಡಿದು ಹೇಳತೊಡಗಿದರು. ಮಂಡಿಪೇಟೆ ಹಿಂದಿನ ಓಣಿಯಲ್ಲಿ ಇಬ್ಬರು. ಬಾತಿಯಲ್ಲಿ ಒಬ್ಬಳು ಬಾಣಂತಿ. "ಶಾಮನೂರಾಗ ಬೇವಿನ ಗಿಡದ ಮನಿ ಐತಲ್ಲ, ಆ ಮನಿ ಯಜಮಾಂತಿ. ಮೊದ್ಲು ಕೂದ್ಲ ಉಂಡಿ ಮಾಡಿ ಗೂಡಿನಾಗ ಇಟ್ಟಿರ್ತಿದ್ಲು. ಈಗ ಎರಡು ವರ್ಷದಿಂದ ಮುಷ್ಟಿ ಮುಷ್ಟಿ ಕೊಡ್ತಾಳೆ. ಬುಡ ನೋಡಿದ್ರ ಗೊತ್ತಾಗ್ತೈತೆ, ಬಾಚಿದಾಗ ಬಂದ ಕೂದ್ಲಲ್ಲ, ಕಿತ್ತಿದ್ದು. ಆಯಮ್ಮ ನಿದ್ದಿ ಮಾಡಿ ಭಾಳ ದಿನ ಆಗೈತೆ."

ಬೇವಿನ ಗಿಡದ ಮನೆ ನಮ್ಮದು. ಆ ಯಜಮಾಂತಿ ನನ್ನ ಅವ್ವ. ಊರ ಮಂದಿಯ ಮನಸ್ಸು ತಿಳಿಯುವುದಕ್ಕೆ ಪದವಿ ಪಡೆದು, ದಿನಾ ಅವಳ ಕೈಯ ರೊಟ್ಟಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು ನಾನು. ಅದು ನಮ್ಮ ಮನೆ ಎಂದು ಹುಲಿಗೆಮ್ಮನವರಿಗೆ ಹೇಳುವ ಧೈರ್ಯ ಬರಲಿಲ್ಲ. ಸಂಜೆ ಮನೆಗೆ ಹೋಗಿ ಅವ್ವನ ತಲೆ ನೋಡಿದೆ. ಕಿವಿಯ ಹಿಂದೆ ಅಂಗೈಯಗಲ ಬೋಳಾಗಿತ್ತು. ಮರುವಾರ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಅವಳು ಸುಧಾರಿಸಿದಳು. ಆ ಉಪಕಾರಕ್ಕೆ ನಾನು ಮಾಡಿದ್ದೇನು ಎಂಬುದೇ ಈ ಬರಹ.

ಅವರು ಹೇಳಿದ ಆ "ಒಬ್ಬಾಕಿ" ರೇಣುಕಾ, ಹುಲಿಗೆಮ್ಮನವರ ತಂಗಿಯ ಮಗಳು. ಇಪ್ಪತ್ತೆರಡು ವರ್ಷ. ಬೇಸಿಗೆಯಲ್ಲಿ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಗಂಡ ಬೆಡ್‌ಶೀಟು ಹೊತ್ತು ಮಾರಲು ಹೊರಟರೆ ಬರುವುದು ತಿಂಗಳಿಗೆ. ಅವಳು ಮಾತು ಬಿಟ್ಟಿದ್ದಳು, ತಲೆ ಬಾಚುವುದನ್ನೂ ಬಿಟ್ಟಿದ್ದಳು. ಅವಳ ಗುಡಾರದ ಸುತ್ತ ಇನ್ನೂ ಐದು ಗುಡಾರಗಳಿದ್ದವು. ಉಳಿದವುಗಳ ಬಾಗಿಲೆಲ್ಲ ಗಾಳಿಮಳೆಗೆ ಬೆನ್ನು ಕೊಟ್ಟು ಮೂಡಲಕ್ಕಿದ್ದರೆ ಈ ಐದರ ಬಾಗಿಲು ಮಾತ್ರ ಅವಳ ಕಡೆಗಿತ್ತು. ಮಳೆ ನೇರ ಒಳಗೇ ಬಡಿಯುತ್ತಿತ್ತು. ಇದೇನು ಹೀಗೆ ಎಂದು ಕೇಳಿದೆ.

"ತಿರುಗ್ಸೀವಿ" ಎಂದರು ಹುಲಿಗೆಮ್ಮ.

ಅವರ ಪದ್ಧತಿ ಇಷ್ಟೇ. ಯಾರಿಗಾದರೂ ಮನಸ್ಸು ಕುಗ್ಗಿದ್ದು ಕಂಡರೆ ಅಕ್ಕಪಕ್ಕದವರು ತಮ್ಮ ಗುಡಾರದ ಗಳ ಕಿತ್ತು, ಬಾಗಿಲು ಅವರ ಬಾಗಿಲಿಗೆ ಎದುರಾಗುವಂತೆ ಮತ್ತೆ ನೆಡುತ್ತಾರೆ. ಒಂದು ದಿನ ಒಬ್ಬರು, ಮರುದಿನ ಇನ್ನೊಬ್ಬರು. ಆಮೇಲೆ ತಮ್ಮ ಬಾಗಿಲಲ್ಲಿ ಕೂತು ತಮ್ಮ ಕೆಲಸ ಮಾಡಿಕೊಂಡಿರುತ್ತಾರೆ, ಕೂದಲು ಬಿಡಿಸುವುದು, ಅಕ್ಕಿ ಆರಿಸುವುದು, ಮಗುವಿನ ಹೇನು ನೋಡುವುದು. ಆ ಮನುಷ್ಯ ಕಣ್ಣು ಬಿಟ್ಟಾಗ ಎದುರಿಗೆ ಯಾರೋ ಒಬ್ಬರು ಇರಬೇಕು. ಒಂದೇ ಕಟ್ಟುನಿಟ್ಟು: ಏನಾಯಿತು ಎಂದು ಕೇಳಬಾರದು. ಕೇಳಿದರೆ ನೊಂದವರು ಉತ್ತರ ಹುಡುಕುವ ಕಷ್ಟಕ್ಕೆ ಬೀಳುತ್ತಾರೆ ಎಂಬುದು ಅವರ ತಿಳಿವಳಿಕೆ. ತಾನಾಗಿ ಹೇಳಿದರೆ ಕೇಳಬೇಕು, ಇಲ್ಲದಿದ್ದರೆ ನೋಡುತ್ತಿರಬೇಕು.

ಇದನ್ನು ಕೇಳಿ ನಾನು ರೋಮಾಂಚನಗೊಂಡು, ಹಾಗಾದರೆ ಮಾತ್ರೆಗಳ ಅವಶ್ಯಕತೆಯೇ ಇಲ್ಲ ಅನ್ನಿ ಎಂದೆ. ಹುಲಿಗೆಮ್ಮ ನನ್ನನ್ನು ಪೆದ್ದಿಯ ಹಾಗೆ ನೋಡಿದರು. "ಯಾಕ ಬ್ಯಾಡ? ಗುಳಿಗಿನೂ ಬೇಕು, ಬಾಗ್ಲೂ ಬೇಕು. ಮೊದ್ಲು ನಮ್ಮೋರು ಇಂಥೋರನ್ನ ಯಾವ್ಯಾವ್ದೋ ಊರಿಗೆ ಕರ್ಕಂಡು ಹೋಗಿ ಸರಪಳಿ ಹಾಕಿಸಿ ಬರ್ತಿದ್ರು. ನಾನೇ ಜಗಳ ಮಾಡಿ ಬಿಡ್ಸೀನಿ. ದವಾಖಾನೆ ಚೀಟಿ ಎಲ್ಲಾ ನನ್ ಹತ್ರ ಐತೆ." ಒಂದು ಪ್ಲಾಸ್ಟಿಕ್ ಚೀಲ ತೆಗೆದು ತೋರಿಸಿದರು. ಇಪ್ಪತ್ತು ವರ್ಷದ ಚೀಟಿಗಳು, ಒಬ್ಬೊಬ್ಬರದು ಒಂದೊಂದು ಬಣ್ಣದ ರಿಬ್ಬನ್ನಿನಲ್ಲಿ ಕಟ್ಟಿದ್ದವು. ನಮ್ಮ ಕಚೇರಿಯ ಕಡತಗಳು ಅಷ್ಟು ಚೊಕ್ಕವಾಗಿರಲಿಲ್ಲ. ಯಾವ ಆದೇಶವೂ ಇಲ್ಲದೆ ಈ ಹೆಂಗಸು ಸುಧಾರಣೆ ಮಾಡಿಯಾಗಿತ್ತು, ನಾನು ಆಕೆಯನ್ನು ಗುರುತಿಸಲು ಬಂದಿದ್ದೆ.

ಆ ಜೂನ್, ಜುಲೈ ವಾರಕ್ಕೆ ಮೂರು ದಿನ ಅಲ್ಲಿರುತ್ತಿದ್ದೆ. ಹುಲಿಗೆಮ್ಮನವರ ಬಾಗಿಲಲ್ಲಿ ಕೂತು ಸಿಕ್ಕುಗೂದಲು ಬಿಡಿಸುವುದನ್ನು ಕಲಿತೆ. ಎದುರಿಗೆ ರೇಣುಕಾ. ಮೊದಮೊದಲು ಗೋಡೆ ನೋಡಿದ ಹಾಗೆ ನಮ್ಮನ್ನು ನೋಡುತ್ತಿದ್ದಳು. ಆರಿದ್ರ ಮಳೆಯ ಹೊತ್ತಿಗೆ ಆಸ್ಪತ್ರೆಯ ಮಾತ್ರೆಯೂ ಶುರುವಾಗಿತ್ತು. ಒಂದು ಬೆಳಗ್ಗೆ ನಾನು ಕೂದಲು ಬಿಡಿಸುತ್ತಾ ಅದನ್ನು ಇನ್ನಷ್ಟು ಸಿಕ್ಕು ಮಾಡಿಕೊಂಡಾಗ ಎದುರಿನಿಂದ ಸಣ್ಣ ದನಿ ಬಂತು. "ಹಂಗಲ್ಲ ಅಕ್ಕ, ತುದಿಯಿಂದ ಬಿಡ್ಸು."

ಸುತ್ತಲಿನ ಐದೂ ಬಾಗಿಲಲ್ಲಿ ಕೈಗಳು ಒಂದು ಗಳಿಗೆ ನಿಂತವು, ಮತ್ತೆ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸಿದವು. ಹುಲಿಗೆಮ್ಮ ತಲೆಯೆತ್ತಲಿಲ್ಲ. ಅವರ ಕಣ್ಣು ತುಂಬಿದ್ದು ನನಗೆ ಮಾತ್ರ ಕಂಡಿತು. ನನ್ನ ಈ ಕೆಲಸದ ಬದುಕಿನಲ್ಲಿ ಅಷ್ಟು ಸಂತೋಷ ಮತ್ತೆ ಎಂದೂ ಆಗಿಲ್ಲ.

ಸಂತೋಷದಲ್ಲೇ ವರದಿ ಬರೆದೆ. "ಎದುರು ಬಾಗಿಲು ಮಾದರಿ" ಎಂದು ಹೆಸರಿಟ್ಟೆ. ಹದಿನಾಲ್ಕು ಪುಟ. ಸಾಹೇಬರು ಓದಿ ಮೇಲೆ ಕಳಿಸಿದರು, ಮೇಲಿನವರು ಹೊಗಳಿ, ಇದನ್ನು ತರಬೇತಿ ಪಾಠವಾಗಿ ಮಾಡಿ ಎಂದರು. ಪಾಠ ಮಾಡುವವಳು ನಾನೇ ಎಂದಾಯಿತು. ಅದೇ ಹೊತ್ತಿಗೆ ಹೊಳೆದಂಡೆಯ ಜನಕ್ಕೆ ಬಾತಿಯ ಆಚೆ, ಒಂದು ಅಕ್ಕಿ ಗಿರಣಿಯ ಪಕ್ಕದಲ್ಲಿ, ಮನೆ ಕಟ್ಟಿಸಿಕೊಡುವ ಮಾತೂ ಬಂತು. ಎರಡನ್ನೂ ಸೇರಿಸಿ ದಾವಣಗೆರೆಯಲ್ಲಿ ಒಂದು ಸಭೆ ಕರೆದರು. ಹುಲಿಗೆಮ್ಮ ಹೊಸ ಕುಪ್ಪಸ ತೊಟ್ಟು ಬಂದಿದ್ದರು. ಅವರಿಗೆ ಶಾಲು ಹೊದಿಸಿ, ಕುಂಡದ ಗಿಡಕ್ಕೆ ನೀರು ಹಾಕಿಸಿ, ಇನ್ನು ಹೊರಗೆ ಕೂತಿರಿ, ಊಟಕ್ಕೆ ಕರೆಯುತ್ತೇವೆ ಎಂದರು. ಆಕೆ ಹೊರಗೆ ಹೋಗಲಿಲ್ಲ. ಶಾಲು ಮಡಿಸಿ ಮೇಜಿನ ಮೇಲಿಟ್ಟರು.

"ನನಗ ಇದು ಬ್ಯಾಡ್ರಿ. ಎರಡು ಮಾತು ಐತೆ. ಮನಿ ಕಟ್ಟಾದಾದ್ರ ಬಾಗ್ಲಿಗೆ ಬಾಗ್ಲು ಎದುರಾಗಂಗ ಕಟ್ರಿ, ನಡುವೆ ಬಯಲು ಬಿಡ್ರಿ. ಇನ್ನೊಂದು, ನಮ್ಮೋರ ಮನಸ್ಸಿನ ವಿಚಾರ ನೀವು ತೀರ್ಮಾನ ಮಾಡಾಗ ನಾವೂ ಈ ಕುರ್ಚಿ ಮ್ಯಾಲೆ ಕುಂತಿರ್ಬೇಕು. ಹೊರಗ ಬೆಂಚಿನ ಮ್ಯಾಲಲ್ಲ."

ಸಾಹೇಬರು ಖಂಡಿತ, ಖಂಡಿತ ಎಂದರು. ಎಂಜಿನಿಯರು ನಕ್ಷೆ ಬಿಚ್ಚಿದರು. ಎರಡು ಸಾಲು, ಹನ್ನೊಂದು ಹನ್ನೊಂದು ಮನೆ, ಬೆನ್ನಿಗೆ ಬೆನ್ನು. "ಹಿಂಗಾದ್ರೆ ಎರಡು ಸಾಲಿಗೂ ಸೇರಿ ಒಂದೇ ಹಿಂದಿನ ಗೋಡೆ ಸಾಕು ಸರ್. ಒಂದು ಸಾಲಿನ ಬಾಗಿಲು ರಸ್ತೆಗೆ, ಇನ್ನೊಂದು ಸಾಲಿನದು ಗಿರಣಿ ಕಾಂಪೌಂಡಿನ ಕಡೆ. ಜಾಗ ಇರೋದೇ ಅಷ್ಟು." ಸಾಹೇಬರು ನನ್ನ ಕಡೆ ತಿರುಗಿ, ಮಾನಸಿಕ ಆರೋಗ್ಯದ ದೃಷ್ಟಿಯಿಂದ ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಹದಿನಾಲ್ಕು ಪುಟ ಬರೆದವಳು ನಾನು. ಗುತ್ತಿಗೆ ಮುಂದುವರಿಸುವ ನನ್ನ ಕಡತ ಅದೇ ಮೇಜಿನ ಮೇಲಿತ್ತು. "ಹೊಂದಿಸಿಕೊಳ್ಳಬಹುದು ಸರ್" ಎಂದೆ. ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದರು. ಕನ್ನಡದ ಆ ಒಂದು ಪದಕ್ಕೆ ನಾನು ಬೇರೆ ಅರ್ಥ ಹೇಳುವಂತಿರಲಿಲ್ಲ.

ನಕ್ಷೆಗೆ ಒಪ್ಪಿಗೆ ಎಂದು ಇಪ್ಪತ್ತೆರಡು ಕುಟುಂಬಗಳೂ ಸಹಿ ಹಾಕಬೇಕಿತ್ತು. ಹುಲಿಗೆಮ್ಮ ಹಾಕುವುದಿಲ್ಲ ಎಂದರು, ಅವರು ಹಾಕದೆ ನಾವೂ ಹಾಕುವುದಿಲ್ಲ ಎಂದು ಉಳಿದವರು ಹೇಳಿದರು. ಹದಿನೈದು ದಿನ ಹೀಗೇ ಕಳೆಯಿತು. ಆಶ್ಲೇಷ ಮಳೆಗೆ ಮೇಲಿನಿಂದ ನೀರು ಬಿಟ್ಟು ಹೊಳೆ ಕೆಂಪಗೆ ಉಕ್ಕಿ ಗುಡಾರಗಳ ಬುಡಕ್ಕೆ ಬಂತು. ಜನ ಗಂಟುಮೂಟೆ ಹೊತ್ತು ರಸ್ತೆ ಬದಿಗೆ ಬಂದು ಕೂತರು. ಸಾಹೇಬರು ಫೋನು ಮಾಡಿ, ನಿಮ್ಮ ಮಾತು ಕೇಳ್ತಾರಲ್ಲ, ಸಹಿ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಈ ಮನೆಗಳು ಬೇರೆಯವರಿಗೆ ಹೋಗುತ್ತವೆ ಎಂದರು. ನಾನು ಕಾಗದ ಹಿಡಿದು ಹೋದೆ.

"ಅವ್ವಾ, ಮೊದ್ಲು ತಲಿ ಮ್ಯಾಲೆ ಒಂದು ಸೂರು ಆಗ್ಲಿ. ಮಕ್ಕಳು ನೆನೀತಾ ಅದಾವು. ಬಾಗ್ಲದ ಕೆಲಸ ಆಮ್ಯಾಲೆ ನಾನು ಮಾಡ್ಸಿಕೊಡ್ತೀನಿ."

"ಕಟ್ಟಿದ ಮ್ಯಾಲೆ ಗ್ವಾಡಿ ತಿರುಗ್ತಾವೇನವ್ವ?"

"ನನ್ನ ಮ್ಯಾಲೆ ಭಾರ ಬಿಡ್ರಿ."

ಹುಲಿಗೆಮ್ಮನಿಗೆ ತನ್ನ ಹೆಸರು ಬರೆಯುವುದು ಮಾತ್ರ ಬರುತ್ತಿತ್ತು. ಮಳೆಯಲ್ಲಿ ನಾನು ಕೊಡೆ ಹಿಡಿದೆ, ಆಕೆ ನನ್ನ ಬೆನ್ನಿನ ಮೇಲೆ ಕಾಗದವಿಟ್ಟು ಒಂದೊಂದೇ ಅಕ್ಷರ ಒತ್ತಿ ಬರೆದರು. ಆ ಒತ್ತು ನನ್ನ ಬೆನ್ನಿಗೆ ತಾಗಿತು. ಅದರ ಹಿಂದೆಯೇ ಉಳಿದ ಇಪ್ಪತ್ತೊಂದು ಸಹಿ ಹೆಬ್ಬೆಟ್ಟುಗಳು ಬಿದ್ದವು.

ಮನೆಗಳು ಬೇಗ ಎದ್ದವು, ಸಿಮೆಂಟು ಇಟ್ಟಿಗೆ, ಮೇಲೆ ತಗಡು. ದಸರಾ ಹೊತ್ತಿಗೆ ಚೀಟಿ ಎತ್ತಿ ಮನೆ ಹಂಚಿದರು. ಹುಲಿಗೆಮ್ಮನಿಗೆ ರಸ್ತೆ ಸಾಲಿನ ಕೊನೆಯ ಮನೆ ಬಂತು. ರೇಣುಕಾಳಿಗೆ ಬಂದದ್ದು ಅದೇ ಮನೆಯ ಬೆನ್ನಿಗಿದ್ದ ಮನೆ. ಇಬ್ಬರ ನಡುವೆ ಗೇಣಗಲದ ಗೋಡೆ, ಆದರೆ ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಹೊರಗೆ ಬಂದು, ಸಾಲು ಬಳಸಿ, ಗಿರಣಿಯ ಕಾಂಪೌಂಡಿನ ಸಂದಿಯಲ್ಲಿ ನಡೆದು ಹೋಗಬೇಕು. ರೇಣುಕಾಳ ಬಾಗಿಲಿಗೆ ಎದುರಾಗಿ ಇದ್ದದ್ದು ಆ ಕಾಂಪೌಂಡು. ಮನೆ ಅದಲುಬದಲು ಮಾಡಿಕೊಡಿ ಎಂದು ಹುಲಿಗೆಮ್ಮ ಕೇಳಿದರು. ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಾನೂ ಕೇಳುತ್ತೇನೆ ಎಂದಿದ್ದೆ. ತರಬೇತಿಗಳ ಓಡಾಟ ಶುರುವಾಗಿತ್ತು. ಊರೂರಿನ ಸಿಬ್ಬಂದಿಯನ್ನು ಕೂರಿಸಿ, ಕುರ್ಚಿಗಳನ್ನು ಎದುರುಬದುರು ತಿರುಗಿಸಿ, ಎದುರು ಬಾಗಿಲು ಎಂದರೇನು ಎಂದು ಕಲಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಚಿತ್ತೆ ಮಳೆಯ ಒಂದು ಬೆಳಗ್ಗೆ, ಎಲ್ಲರೂ ಕೂದಲಿಗೆ ಹೊರಟ ಮೇಲೆ, ರೇಣುಕಾ ತನ್ನ ಮನೆಯೊಳಗೆ ಜೀವ ಕಳೆದುಕೊಂಡಳು. ಗೊತ್ತಾದದ್ದು ಮಧ್ಯಾಹ್ನ. ಮಂಡಿಪೇಟೆಯ ಸಗಟು ಅಂಗಡಿಯಿಂದ ಪಿನ್ನು ತರಬೇಕಾಗಿದ್ದ ಹುಲಿಗೆಮ್ಮ ಜ್ವರವೆಂದು ಅಂದು ಮನೆಯಲ್ಲೇ ಉಳಿದಿದ್ದರು. ಗೋಡೆಗೆ ಒರಗಿ ಅಕ್ಕಿ ಆರಿಸುತ್ತಿದ್ದರಂತೆ.

ನಾನು ಹೋದಾಗ ಅವರು ಹೇಳಿದ್ದು ಇಷ್ಟು. "ಅತ್ತಿದ್ದು ಕೇಳಿಸ್ತು. ಆಮ್ಯಾಲೆ ಸುಮ್ನಾದ್ಲು. ಕಂಡಿದ್ರ ನೋಡ್ಕಂತ ಕುಂತಿರ್ತಿದ್ದೆ. ಕಾಣ್ಲಿಲ್ಲ. ಹೋಗಿ ಏನಾತು ಅಂತ ಕೇಳಾದು ನಮ್ಮಲ್ಲಿ ಇಲ್ಲಲ್ಲ, ಮಲಗ್ಯಾಳೆ ಬಿಡು ಅಂದ್ಕಂಡೆ."

ಆಗ ನನಗೆ ಹೊಳೆಯಿತು. ಕೇಳಬಾರದು ಎಂಬ ಅವರ ಕಟ್ಟಳೆ ಕಾಣುತ್ತಿರುವವರೆಗೆ ಮಾತ್ರ ನಡೆಯುವಂಥದ್ದು. ನಾವು ಕಾಣುವುದನ್ನು ಕಿತ್ತುಕೊಂಡೆವು, ಕೇಳದಿರುವುದು ಅವರಲ್ಲಿ ಹಾಗೇ ಉಳಿಯಿತು. ಇದನ್ನು ಹದಿನಾಲ್ಕು ಪುಟದಲ್ಲಿ ನಾನು ಎಲ್ಲೂ ಬರೆದಿರಲಿಲ್ಲ, ನನಗೆ ಗೊತ್ತಿರಲಿಲ್ಲ. ಹುಲಿಗೆಮ್ಮನಿಗೆ ಗೊತ್ತಿತ್ತು. ಅದಕ್ಕೇ ಆಕೆ ಬಾಗಿಲಿಗಾಗಿ ಅಷ್ಟು ಹಟ ಹಿಡಿದದ್ದು.

ರೇಣುಕಾಳ ಹನ್ನೊಂದನೆಯ ದಿನ ಕಳೆದ ಮೇಲೆ, ಬೆಳಗಿನ ಹೊತ್ತು ಹುಲಿಗೆಮ್ಮ ಹಾರೆ ಹಿಡಿದು ತಮ್ಮ ಹಿಂದಿನ ಗೋಡೆ ಒಡೆದರು. ಆಳು ನುಸುಳುವಷ್ಟು. ಉಳಿದವರು ನೋಡುತ್ತಾ ನಿಂತಿದ್ದರಂತೆ. ಆಮೇಲೆ ಇನ್ನೂ ಇಬ್ಬರು ತಮ್ಮ ಮನೆಗೂ ಹಾರೆ ಕೇಳಿದರಂತೆ. ಅಷ್ಟರಲ್ಲಿ ಸುದ್ದಿ ಹೋಗಿ ಎಂಜಿನಿಯರು ಬಂದರು, ಫೋಟೊ ತೆಗೆದರು. ಸರ್ಕಾರಿ ಆಸ್ತಿಗೆ ಹಾನಿ ಎಂದು ಹುಲಿಗೆಮ್ಮನ ಹೆಸರಿಗೆ ನೋಟಿಸು ಬಂತು.

ಸಾಹೇಬರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಚಹಾ ತರಿಸಿ, ಕೇಸಾದರೆ ಪಾಪ ಆಕೆ ಅಲೆಯಬೇಕಾಗುತ್ತದೆ, ತಂಗಿಯ ಮಗಳು ಸತ್ತ ಆಘಾತದಲ್ಲಿ ಸ್ಥಿಮಿತವಿಲ್ಲದೆ ಮಾಡಿದ್ದು ಎಂದು ನೀವೊಂದು ವರದಿ ಕೊಡಿ, ಡಾಕ್ಟರ ಸಹಿ ಹಾಕಿಸೋಣ, ಇಲ್ಲಿಗೇ ಮುಗಿಸೋಣ ಎಂದರು. ಗೋಡೆ ಯಾಕೆ ಒಡೆದರು ಎಂಬ ಪ್ರಶ್ನೆ ಬೆಳೆದರೆ ನಕ್ಷೆಯ ಪ್ರಶ್ನೆ ಬರುತ್ತದೆ, ಅದರ ಹಿಂದೆ "ಹೊಂದಿಸಿಕೊಳ್ಳಬಹುದು" ಎಂದವರ ಪ್ರಶ್ನೆ ಬರುತ್ತದೆ. ಅದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹುಲಿಗೆಮ್ಮನ ಹತ್ತಿರ ಹೋಗಿ, ಕೇಸಿನಿಂದ ತಪ್ಪಿಸಲು ವರದಿ ಬರೆಯುತ್ತೇನೆ ಎಂದೆ. ಒಡೆದ ಗೋಡೆಯ ಇಟ್ಟಿಗೆಗಳನ್ನು ಅವರು ಚೊಕ್ಕಟವಾಗಿ ಪೇರಿಸಿಟ್ಟಿದ್ದರು.

"ತಪ್ಪಿಸ್ಬ್ಯಾಡ. ಹಾಕ್ಲಿ. ಜಡ್ಜು ಕೇಳ್ತಾರೆ, ಯಾಕ ಒಡದಿ ಅಂತ. ಯಾರಾದ್ರೂ ನನ್ನ ಯಾಕ ಅಂತ ಕೇಳ್ಬೇಕು. ಅವಾಗ ಹೇಳ್ತೀನಿ. ಗೊತ್ತಿದ್ದೇ ಒಡದಾಳೆ, ನೆಟ್ಟಗಿದ್ದೇ ಒಡದಾಳೆ ಅಂತ ಬರಿ ತಂಗಿ."

ಬರೆಯುತ್ತೇನೆ ಎಂದೆ. ದೀಪಾವಳಿ ಮುಗಿದ ಮೇಲೆ ಟೈಪು ಮಾಡಿದ ವರದಿ ಹಿಡಿದು ಮತ್ತೆ ಹೋದೆ. ಡಾಕ್ಟರು ಹತ್ತು ನಿಮಿಷ ಮಾತಾಡಿಸಿ ಹೋಗಿದ್ದರು. "ಓದಿ ಹೇಳಿದ್ದನ್ನು ಕೇಳಿ ಒಪ್ಪಿರುತ್ತೇನೆ" ಎಂಬುದರ ಕೆಳಗೆ ಆಕೆಯ ಸಹಿ ಬೇಕಿತ್ತು. "ಓದು" ಎಂದರು. ಓದಿದೆ. ಹೆಸರು, ವಯಸ್ಸು, ಕಸುಬು, ಸಮುದಾಯಕ್ಕೆ ಮಾಡಿದ ಸೇವೆ, ಎಲ್ಲ ಓದಿದೆ. ಮಾನಸಿಕ ಸ್ಥಿಮಿತ ಕಳೆದುಕೊಂಡು, ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಗೋಡೆ ಒಡೆದಿರುತ್ತಾರೆ, ದೀರ್ಘಕಾಲದ ಚಿಕಿತ್ಸೆಯ ಅಗತ್ಯವಿದೆ ಎಂಬ ಸಾಲನ್ನು ಮಾತ್ರ ಬಿಟ್ಟು ಓದಿದೆ. ಆಕೆಯ ಒಳ್ಳೆಯದಕ್ಕೇ ಎಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡಿದ್ದೆನೋ ಇಲ್ಲವೋ, ಈಗ ನೆನಪಿಸಿಕೊಳ್ಳಲು ಹೋದರೆ ಬರೀ ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು ಮುಂದಿನ ಸಾಲಿಗೆ ಹೋದದ್ದು ನೆನಪಾಗುತ್ತದೆ. ಹುಲಿಗೆಮ್ಮ ನನ್ನ ಮುಖವನ್ನೇ ನೋಡುತ್ತಾ ಕೇಳಿದರು. ಏನೂ ಕೇಳದೆ ಸಹಿ ಹಾಕಿದರು.

ಕೇಸು ನಿಂತಿತು. ಗೋಡೆಯನ್ನು ಮತ್ತೆ ಕಟ್ಟಿ ಪ್ಲಾಸ್ಟರು ಬಳಿದರು. ತಿಂಗಳೊಳಗೆ ಸಮಿತಿಯ ಪಟ್ಟಿ ಹೊರಬಿತ್ತು. ಅಲೆಮಾರಿ ಸಮುದಾಯದ ಪ್ರತಿನಿಧಿ ಎಂಬ ಒಂದು ಸ್ಥಾನ ಅದರಲ್ಲಿತ್ತು. ಗುರುತಿಸಲಾದ ವ್ಯಕ್ತಿ ಸ್ವತಃ ಮಾನಸಿಕ ಚಿಕಿತ್ಸೆಯಲ್ಲಿರುವ ಕಾರಣ, ಸಮುದಾಯದೊಂದಿಗೆ ಆಪ್ತ ಒಡನಾಟವಿರುವ ಸಮಾಲೋಚಕರನ್ನು ಆ ಸ್ಥಾನಕ್ಕೆ ಪರಿಗಣಿಸಲಾಗಿದೆ ಎಂದು ಬರೆದು, ಮುಂದೆ ನನ್ನ ಹೆಸರು ಹಾಕಿದ್ದರು. ಅದರ ಜೊತೆಗೇ ನನ್ನ ಕೆಲಸ ಕಾಯಂ ಆದ ಪತ್ರವೂ ಬಂತು.

ಆಕೆಯ ಹೆಸರಿಗೆ ಮಾತ್ರೆಗಳೂ ಬರತೊಡಗಿದವು. ಕೊಡುವ ಜವಾಬ್ದಾರಿ ನನ್ನದು. ಮೊದಲ ಸಲ ಒಯ್ದಾಗ ಹುಲಿಗೆಮ್ಮ ಪೊಟ್ಟಣದ ಮೇಲಿನ ತಮ್ಮ ಹೆಸರನ್ನು ಬೆರಳಿಟ್ಟು ಓದಿದರು. ಅದೊಂದು ಪದವನ್ನಾದರೂ ಅವರು ಚೆನ್ನಾಗಿ ಓದಬಲ್ಲರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ, ಬೈದರೆ ಹಗುರವಾಗುತ್ತೇನೆ ಎಂದು ಕೂಡ ಅಂದುಕೊಂಡಿದ್ದೆ.

"ಅವತ್ತು ಓದಾಗ ನಿನ್ ಮಕ ಸೊರಗಿತ್ತು. ಈ ಹುಡುಗಿಗೆ ಏನೋ ಭಾರ ಆಗೈತೆ ಅಂದ್ಕಂಡೆ. ಕೇಳ್ಬಾರ್ದು ಅಂತ ಕೇಳ್ಲಿಲ್ಲ" ಎಂದರು.

ಪೊಟ್ಟಣ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಆಕೆ ನನ್ನೊಡನೆ ಮಾತಾಡಿಲ್ಲ. ತಿಂಗಳಿಗೊಮ್ಮೆ ಹೋಗುತ್ತೇನೆ. ಕಿಟಕಿಯಿಂದ ಕೈ ಹೊರಗೆ ಬರುತ್ತದೆ, ಪೊಟ್ಟಣ ಕೊಡುತ್ತೇನೆ, ಪುಸ್ತಕದಲ್ಲಿ "ಭೇಟಿಯಾಗಿದೆ, ಸಹಕರಿಸುತ್ತಾರೆ" ಎಂದು ಬರೆಯುತ್ತೇನೆ. ಅವರ ಹೆಂಗಸರು ಈಗ ನಮ್ಮ ಬೀದಿಗೆ ಬರುವುದಿಲ್ಲ. ಅವ್ವ ಒಂದೆರಡು ಸಲ, ಯಾಕೆ ಬರುತ್ತಿಲ್ಲವೋ ಎಂದಳು. ಗೊತ್ತಿಲ್ಲ ಎಂದೆ.

ಆ ವರದಿಯನ್ನು ಹಿಂದಕ್ಕೆ ಪಡೆಯಲು ಯಾವ ಕಷ್ಟವೂ ಇಲ್ಲ. ನಾನು ಬರೆದದ್ದು ಸುಳ್ಳು, ಆಕೆ ನೆಟ್ಟಗಿದ್ದರು, ಯಾಕೆ ಒಡೆದರು ಎಂದು ಅವರನ್ನೇ ಕರೆದು ಕೇಳಿ ಎಂದು ಒಂದು ಅರ್ಜಿ ಕೊಟ್ಟರೆ ಸಾಕು. ನನ್ನ ಕೆಲಸ ಹೋಗುತ್ತದೆ, ಅಷ್ಟೇ. ಅರ್ಜಿಯ ಒಕ್ಕಣೆ ನನಗೆ ಬಾಯಿಪಾಠವಾಗಿದೆ. ಬರುವ ಮಂಗಳವಾರ ಹನ್ನೊಂದು ಗಂಟೆಗೆ ಸಮಿತಿಯ ಸಭೆ ಇದೆ. ಹುಲಿಗೆಮ್ಮನ ಕುರ್ಚಿಯಲ್ಲಿ ನಾನು ಕೂತಿರುತ್ತೇನೆ.